ಮೂರು ಹಳದಿ ವೈರುಗಳು

ಸೋಮೇಶ್ವರದಿಂದ ಘಾಟಿ ಹತ್ತಲು ಶುರುಮಾಡಿದಾಗ ಹೆಡ್‌ಲೈಟು ಬೆಳ್ಳಗೇ ಇತ್ತು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಇನ್ನೆರಡು ಮೂರು ಉಳಿದಿರುವಾಗ ಅದರ ಬೆಳಕು ಕಿತ್ತಳೆ ಬಣ್ಣಕ್ಕೆ ಇಳಿದಿದೆ. ಬೈಕು ಓಡಿಸುತ್ತಿರುವವನು ಅಕ್ಕನ ಮಗ. ಎರಡೂ ಕಡೆ ಬ್ಯಾಗು ತೂಗಿದ ಬೈಕಿನ ಹಿಂದಿನ ಸೀಟಿನಲ್ಲಿ ನಾನು. ಅವನ ಭುಜದ ಮೇಲಿಂದ ಮೀಟರ್ ಕಾಣುತ್ತಿದೆ. ಎಬಿಎಸ್ ದೀಪ ಹೊತ್ತಿಕೊಂಡಿದ್ದು ಆರುತ್ತಿಲ್ಲ. ಅವನು ಬ್ರೇಕ್ ಹಿಡಿದಾಗಲೆಲ್ಲ ಮೀಟರಿನ ಬೆಳಕು ಕುಗ್ಗುತ್ತದೆ, ಬಿಟ್ಟರೆ ಏಳುತ್ತದೆ.

"ಎಬಿಎಸ್ ಹೋಯ್ತಾ ಮಾವ?"

"ಎಬಿಎಸ್ ಅಲ್ಲ ಮಾರಾಯ, ಕರೆಂಟ್ ಸಾಲ್ತಾ ಇಲ್ಲ. ಫಾಗ್ ಲೈಟ್ ಆರಿಸು. ಮೊಬೈಲ್ ಚಾರ್ಜರ್ ಕಿತ್ತುಹಾಕು. ಎಂಜಿನ್ ಮಾತ್ರ ಬಂದ್ ಮಾಡ್ಬೇಡ."

ಬ್ರೇಕ್ ದೀಪ ಹೊತ್ತಿದರೆ ಮೀಟರ್ ಮಂಕಾಗುತ್ತದೆ ಎಂದರೆ ಇಡೀ ಗಾಡಿ ಬ್ಯಾಟರಿಯಲ್ಲಿ ಉಳಿದ ಚೂರುಪಾರಿನ ಮೇಲೆ ಓಡುತ್ತಿದೆ ಎಂದರ್ಥ. ವೋಲ್ಟೇಜ್ ಇಳಿಯುತ್ತಿದ್ದಂತೆ ಎಬಿಎಸ್‌ನ ಕಂಟ್ರೋಲ್ ಪೆಟ್ಟಿಗೆ ತನ್ನ ಕೆಲಸ ನಿಲ್ಲಿಸಿ ದೀಪ ಹಚ್ಚುತ್ತದೆ. ಆ ದೀಪ ನೋಡಿ ಚಕ್ರದ ಸೆನ್ಸರ್ ಬಿಚ್ಚಲು ಕೂತವರನ್ನು ಕಂಡಿದ್ದೇನೆ. ಹೆಡ್‌ಲೈಟನ್ನೂ ಆರಿಸಿಬಿಟ್ಟರೆ ಸ್ವಲ್ಪ ಉಳಿಯುತ್ತಿತ್ತು, ಆದರೆ ಈ ಮಳೆಯಲ್ಲಿ ಅದು ಬೇಕೇ ಬೇಕು. ಅಲ್ಲದೆ 2017ರ ಏಪ್ರಿಲ್‌ನಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಆರಿಸುವ ಸ್ವಿಚ್ಚೇ ಇಲ್ಲ.

ಕೊನೆಯ ತಿರುವು ದಾಟಿ ಆಗುಂಬೆಯ ಮೇಲಿನ ಸಮತಟ್ಟು ಸಿಕ್ಕಿತು. ರಸ್ತೆಬದಿಯ ಸಣ್ಣ ಹೋಟೆಲಿನ ಮುಂದೆ ತಗಡಿನ ಮಾಡು ಇಳಿಬಿಟ್ಟಿದ್ದಾರೆ. ಅದರಡಿಗೆ ಬೈಕು ನುಗ್ಗಿಸಿ ಆಕ್ಸಿಲರೇಟರ್ ಬಿಟ್ಟದ್ದೇ ತಡ, ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಸೆಲ್ಫ್ ಒತ್ತಿದರೆ ಸೀಟಿನಡಿಯಿಂದ ಟಕಟಕಟಕ ಎಂಬ ಸದ್ದು ಮಾತ್ರ. ಅದು ರಿಲೇಯ ಸದ್ದು: ಒತ್ತಿದಾಗ ಸೇರುತ್ತದೆ, ಮೋಟಾರು ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಬಿಟ್ಟುಕೊಳ್ಳುತ್ತದೆ, ಬಿಟ್ಟ ಮೇಲೆ ವೋಲ್ಟೇಜ್ ಏರಿ ಮತ್ತೆ ಸೇರುತ್ತದೆ.

ಹೋಟೆಲಿನ ಯಜಮಾನರು ಟಾರ್ಚ್ ಹಿಡಿದು ಹೊರಗೆ ಬಂದರು. ಒಳಗೆ ಕರೆಂಟಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುವ ಊರಿನಲ್ಲಿ ಶ್ರಾವಣದ ಸಂಜೆ ಕರೆಂಟ್ ಇರಬೇಕೆಂದು ಯಾರೂ ಕಾಯುವುದಿಲ್ಲ.

"ಎಂತ ಆಯ್ತು ಮಾರಾಯ್ರೆ? ಪ್ಲಗ್ಗಿಗೆ ನೀರು ಹೋಯ್ತಾ ಎಂತ? ತಳ್ಳಿ ನೋಡುವನಾ?"

ತಳ್ಳಿದರೆ ಆಗದು. ಕಾರ್ಬೊರೇಟರ್ ಗಾಡಿಯಾಗಿದ್ದರೆ ಇಳಿಜಾರಿನಲ್ಲಿ ಬಿಟ್ಟು ಕ್ಲಚ್ ತೆಗೆದರೆ ಹೊತ್ತಿಕೊಳ್ಳುತ್ತಿತ್ತು. ಇದು ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಪಂಪು ಪೆಟ್ರೋಲನ್ನು ಒತ್ತಡಕ್ಕೆ ಏರಿಸಬೇಕು, ಇಂಜೆಕ್ಟರ್ ತೆರೆಯಬೇಕು, ಇವನ್ನೆಲ್ಲ ನಡೆಸುವ ಕಂಟ್ರೋಲ್ ಪೆಟ್ಟಿಗೆ ಇಸಿಯು ಎಚ್ಚರವಾಗಿರಬೇಕು. ಬ್ಯಾಟರಿ ಸತ್ತಿದ್ದರೆ ಎಷ್ಟು ತಳ್ಳಿದರೂ ಮೈ ಬೆವರುವುದಷ್ಟೇ.

ಅಳಿಯ ಆಗಲೇ ಮೊಬೈಲ್ ತೆಗೆದು ತೀರ್ಥಹಳ್ಳಿಯಲ್ಲಿ ಬ್ಯಾಟರಿ ಅಂಗಡಿ ಹುಡುಕುತ್ತಿದ್ದಾನೆ. "ಹೋದ ತಿಂಗಳಷ್ಟೇ ಹೊಸದು ಹಾಕ್ಸಿದ್ದು ಮಾವ. ಗ್ಯಾರೇಜಿನವರು ಹಳೇದು ವೀಕ್ ಆಗಿದೆ ಅಂದ್ರು. ಈಗ ಇದೂ ಹೋಯ್ತಲ್ಲ."

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬ್ಯಾಟರಿ ತಾನಾಗಿ ಸಾಯುವುದು ಒಂದು, ತುಂಬಿಸುವವರಿಲ್ಲದೆ ಬರಿದಾಗುವುದು ಇನ್ನೊಂದು. ಅಳತೆ ಮಾಡದೆ ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ. ಅಳೆಯುವ ಮಲ್ಟಿಮೀಟರ್ ಎರಡು ಊಟದ ದುಡ್ಡಿಗೆ ಸಿಗುತ್ತದೆ. ಬ್ಯಾಟರಿಗೆ ಸಾವಿರಗಟ್ಟಲೆ ತೆರುತ್ತೇವೆ.

ಸೀಟು ಬಿಚ್ಚಿ ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರಿನ ಕಡ್ಡಿ ಇಟ್ಟೆ. 11.6. ಪೂರ್ತಿ ತುಂಬಿದ, ವಿಶ್ರಾಂತಿಯಲ್ಲಿರುವ 12 ವೋಲ್ಟಿನ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12ಕ್ಕಿಂತ ಕೆಳಗೆ ಹೋಯಿತೆಂದರೆ ಬಹುಪಾಲು ಖಾಲಿ. ಕೀ ತಿರುಗಿಸಿದೆ: 10.9. ಅಳಿಯ ಸೆಲ್ಫ್ ಒತ್ತಿದ: 7ರ ಹತ್ತಿರ ಬಿದ್ದಿತು. ಇಷ್ಟರಿಂದ ಬ್ಯಾಟರಿ ಖಾಲಿ ಎಂದು ತಿಳಿಯಿತೇ ಹೊರತು ಯಾಕೆ ಖಾಲಿ ಎಂದು ತಿಳಿಯಲಿಲ್ಲ. ಅದಕ್ಕೆ ಎಂಜಿನ್ ಓಡಬೇಕು.

ಯಜಮಾನರ ಪಿಕಪ್ ಪಕ್ಕದಲ್ಲೇ ಇತ್ತು. ನನ್ನ ಬ್ಯಾಗಿನಲ್ಲಿ ಜಂಪರ್ ಕೇಬಲ್ ಇದೆ. ಪಿಕಪ್ 12 ವೋಲ್ಟಿನದೇ ಎಂದು ಮೊದಲು ಮೀಟರ್ ಇಟ್ಟು ಖಾತ್ರಿ ಮಾಡಿಕೊಂಡೆ. ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟ್, ಅದನ್ನು ಬೈಕಿಗೆ ಕೊಟ್ಟರೆ ಇಸಿಯು, ಮೀಟರು ಎಲ್ಲ ಸುಟ್ಟುಹೋಗುತ್ತವೆ. ಪಿಕಪ್ಪಿನ ಎಂಜಿನ್ ಬಂದ್ ಇರಲಿ ಎಂದೆ. ಕೆಂಪು ಕೇಬಲ್ ಪ್ಲಸ್ಸಿನಿಂದ ಪ್ಲಸ್ಸಿಗೆ. ಕಪ್ಪು ಪಿಕಪ್ಪಿನ ಮೈನಸ್ಸಿಗೆ. ಕಪ್ಪಿನ ಇನ್ನೊಂದು ತುದಿ ಬೈಕಿನ ಬ್ಯಾಟರಿಗಲ್ಲ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಕಡೆಯದಾಗಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಆ ಕಿಡಿ ಬ್ಯಾಟರಿಯಿಂದ ಬರುವ ಹೈಡ್ರೋಜನ್ನಿನ ಹತ್ತಿರ ಹಾರಬಾರದು.

ಒಂದೇ ಏಟಿಗೆ ಎಂಜಿನ್ ಹೊತ್ತಿಕೊಂಡಿತು. ಕೇಬಲ್ ತೆಗೆದು ಮತ್ತೆ ಮೀಟರ್ ಇಟ್ಟೆ. ಐಡಲಿನಲ್ಲಿ 12.0. "ನಾಲ್ಕು ಸಾವಿರಕ್ಕೆ ಏರಿಸು" ಎಂದೆ. 12.1. ಅಲ್ಲಿಂದ ಮೇಲೆ ಏಳಲಿಲ್ಲ. ಅರೆ ನಿಮಿಷ ಹಿಡಿದರೆ 12.0, ಆಮೇಲೆ 11.9.

"ನೋಡು. ಇಲ್ಲಿ 14ರ ಆಸುಪಾಸು ಇರಬೇಕಿತ್ತು. ನಿನ್ನ ಬ್ಯಾಟರಿ ಮೇಲೆ ಅಪವಾದ ಬೇಡ, ಅದಕ್ಕೆ ಊಟವೇ ಸಿಗ್ತಿಲ್ಲ."

ಯಜಮಾನರು ಮುಂದೆ ಬಗ್ಗಿ, "ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿ, ಎಂಜಿನ್ ನಿಂತರೆ ಚಾರ್ಜಿಂಗ್ ಇಲ್ಲ ಅಂತ. ಮೊದಲೆಲ್ಲ ಹಾಗೇ ನೋಡ್ತಿದ್ದದ್ದು" ಎಂದರು. ನಾನು ಕೈ ಅಡ್ಡ ಹಿಡಿದೆ. ಎಂಜಿನ್ ಓಡುವಾಗ ಬ್ಯಾಟರಿ ಕಿತ್ತರೆ, ವೋಲ್ಟೇಜನ್ನು ತಡೆದು ಹಿಡಿಯುವ ಆಸರೆ ತಪ್ಪಿ ಅದು ಒಮ್ಮೆಗೇ ಜಿಗಿಯುತ್ತದೆ. ಹಳೆಯ ಗಾಡಿಗಳಲ್ಲಿ ಬಲ್ಬು ಸುಡುತ್ತಿತ್ತು, ಇಂದಿನ ಗಾಡಿಗಳಲ್ಲಿ ಇಸಿಯು. ಈ ಪರೀಕ್ಷೆಯನ್ನು ಈಗಲೂ ಮಾಡುವ ಮೆಕ್ಯಾನಿಕ್ಕುಗಳಿದ್ದಾರೆ. ದಯವಿಟ್ಟು ನಿಮ್ಮ ಗಾಡಿಗೆ ಮಾಡಲು ಬಿಡಬೇಡಿ.

ಎಂಜಿನ್ ಬಂದ್ ಮಾಡಿಸಿದೆ. ತಲೆಗೆ ಟಾರ್ಚ್ ಕಟ್ಟಿಕೊಂಡು ಎಡಗಡೆಯ ಸೈಡ್ ಕವರ್ ಬಿಚ್ಚುವಾಗ ಬೂಟಿನ ಮೇಲೆ ಒಂದು ಇಂಬಳ ಹತ್ತುತ್ತಿತ್ತು. ಅಳಿಯ ಕಡ್ಡಿಯಿಂದ ಅದನ್ನು ತೆಗೆದ.

ಎಂಜಿನ್ನಿನ ಎಡಭಾಗದ ಕವರಿನೊಳಗೆ ಕಾಯಿಲ್ ಪ್ಲೇಟ್ ಇದೆ. ಅದರ ಸುತ್ತ ಮ್ಯಾಗ್ನೆಟ್ ತಿರುಗಿ ಎಸಿ ಕರೆಂಟ್ ಹುಟ್ಟುತ್ತದೆ. ಅಲ್ಲಿಂದ ಮೂರು ಹಳದಿ ವೈರುಗಳು ಹೊರಬರುತ್ತವೆ. ಅವು ಒಂದು ಬಿಳಿ ಕಪ್ಲರ್ ಮೂಲಕ ರೆಕ್ಟಿಫೈಯರಿಗೆ ಸೇರುತ್ತವೆ. ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಆ ಪೆಟ್ಟಿಗೆ ಎಸಿಯನ್ನು ಡಿಸಿ ಮಾಡಿ, 14 ವೋಲ್ಟಿನ ಸುತ್ತ ಹಿಡಿದು ಬ್ಯಾಟರಿಗೆ ಕೊಡುತ್ತದೆ. ಕಾಯಿಲ್, ಕಪ್ಲರ್, ರೆಕ್ಟಿಫೈಯರ್, ಬ್ಯಾಟರಿ, ಅರ್ಥ್: ದಾರಿ ಇಷ್ಟೇ. ಎಲ್ಲಿ ಕಡಿದಿದೆ ಎಂದು ನೋಡಬೇಕು.

ಕಪ್ಲರ್ ಕೈಗೆ ಸಿಕ್ಕ ಕೂಡಲೇ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಬಿಳಿ ಪ್ಲಾಸ್ಟಿಕ್ಕಿನ ಮಧ್ಯದ ಮನೆ ಕಂದಾಗಿ ಒಳಕ್ಕೆ ಕುಸಿದಿದೆ. ಎಳೆದರೆ ಬಿಚ್ಚಿಕೊಳ್ಳದು, ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿದ ಮೇಲೆ ಚಟ್ಟೆಂದು ಬಂತು. ಎರಡು ಪಿನ್ನುಗಳು ತಾಮ್ರದ ಬಣ್ಣದಲ್ಲೇ ಇವೆ. ಮೂರನೆಯದು ಕರಿ ಹಿಡಿದು, ಬುಡದಲ್ಲಿ ಹಸಿರು ಕಿಲುಬು ಕಟ್ಟಿದೆ. ಆ ಪಿನ್ನಿನ ಹಿಂದಿನ ಹಳದಿ ವೈರು ಬೆರಳುದ್ದ ಕಂದಾಗಿದೆ, ಬಗ್ಗಿಸಿದರೆ ಮೇಲಿನ ಪ್ಲಾಸ್ಟಿಕ್ ಪುಡಿಯಾಗಿ ಉದುರುತ್ತದೆ.

"ಫಾಗ್ ಲೈಟ್ ಹಾಕ್ಸಿದ್ದಕ್ಕೇ ಸುಟ್ಟದ್ದಾ?" ಅಳಿಯನ ದನಿಯಲ್ಲಿ ಅಳುಕು.

ಅಲ್ಲ, ಅದನ್ನು ಅವನಿಗೆ ಬಿಡಿಸಿ ಹೇಳಲೇಬೇಕಿತ್ತು. ಇಂಥ ಬೈಕುಗಳ ರೆಕ್ಟಿಫೈಯರ್ ಪೆಟ್ಟಿಗೆಯೊಳಗೆ ವೋಲ್ಟೇಜ್ ಹಿಡಿದಿಡಲು ಹೆಚ್ಚಾಗಿ ಇರುವುದು ಶಂಟ್ ರೆಗ್ಯುಲೇಟರ್. ಕಾಯಿಲ್ ಯಾವಾಗಲೂ ತನ್ನ ಪೂರ್ತಿ ಶಕ್ತಿಗೆ ದುಡಿಯುತ್ತದೆ. ಗಾಡಿಗೆ ಬೇಡವಾದದ್ದನ್ನು ರೆಗ್ಯುಲೇಟರ್ ಕಾಯಿಲಿಗೇ ಸುತ್ತಿ ಹಿಂದಿರುಗಿಸುತ್ತದೆ. ದೀಪ ಇರಲಿ ಬಿಡಲಿ, ಈ ಕಪ್ಲರಿನ ಮೂಲಕ ಹರಿಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ. ಸುಟ್ಟದ್ದು ಪಿನ್ನು ಸಡಿಲವಾದದ್ದರಿಂದ. ಮಳೆನೀರು, ಅದುರುವಿಕೆ, ತೆಳ್ಳಗಿನ ಕಿಲುಬು ಸೇರಿ ಅಲ್ಲಿ 0.1 ಓಮ್ ತಡೆ ಹುಟ್ಟಿದೆ ಎನ್ನಿ. 15 ಆಂಪಿಯರ್ ಹರಿದರೆ ಹದಿನೈದರ ವರ್ಗ 225, ಅದನ್ನು 0.1ರಿಂದ ಗುಣಿಸಿದರೆ 22.5 ವಾಟ್. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿಯೇ 25 ವಾಟಿನದು. ಅಂಥ ಕಡ್ಡಿಯೊಂದನ್ನು ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಸಿ ಮಂಗಳೂರಿನಿಂದ ಇಲ್ಲಿಯವರೆಗೆ ಬಂದಿದ್ದೇವೆ. ಬಿಸಿಗೆ ಪಿನ್ನಿನ ಬಿಗಿ ಹೋಗುತ್ತದೆ, ಬಿಗಿ ಹೋದಂತೆ ತಡೆ ಹೆಚ್ಚುತ್ತದೆ, ತಡೆಗೆ ತಕ್ಕಂತೆ ಮತ್ತೆ ಬಿಸಿ.

ಮೂರರಲ್ಲಿ ಒಂದು ವೈರು ಕಡಿದರೂ ಉಳಿದೆರಡರಿಂದ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ. ಈ ರೋಗ ಇಷ್ಟು ದಿನ ಕಾಣದೆ ಉಳಿದದ್ದು ಅದಕ್ಕೇ. ಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ಹೇಗೋ ನಡೆಯಿತು. ಘಾಟಿಯಲ್ಲಿ ನಿಧಾನದ ಓಟ, ಫಾಗ್ ಲೈಟು, ಗಳಿಗೆಗೊಮ್ಮೆ ಹಾರ್ನು, ಬ್ರೇಕ್ ದೀಪ ಎಲ್ಲ ಕೂಡಿ ಬ್ಯಾಟರಿಯನ್ನು ಹೀರಿಬಿಟ್ಟವು. ಫಾಗ್ ಲೈಟಿನ ಪಾತ್ರ ಇಲ್ಲಿಗೆ ಮಾತ್ರ.

ಸುಟ್ಟ ಕಪ್ಲರ್ ಸಿಕ್ಕಿತೆಂದು ಅಳತೆ ನಿಲ್ಲಿಸುವಂತಿಲ್ಲ, ಕಾಯಿಲ್ ಕೂಡ ಸುಟ್ಟಿರಬಹುದು. ಕಾಯಿಲ್ ಕಡೆಯ ಮೂರು ಪಿನ್ನುಗಳನ್ನು ಎರಡೆರಡಾಗಿ ಓಮ್‌ನಲ್ಲಿ ಅಳೆದೆವು. ಮೀಟರಿನ ಕಡ್ಡಿಗಳ ತಡೆ ಕಳೆದರೆ ಮೂರು ಜೋಡಿಯಲ್ಲೂ ಒಂದೇ ಲೆಕ್ಕ, ಅರ್ಧ ಓಮಿಗಿಂತ ಕಡಿಮೆ. ಪ್ರತಿ ಪಿನ್ನಿನಿಂದ ಎಂಜಿನ್ ಲೋಹಕ್ಕೆ ಇಟ್ಟರೆ ಸಂಪರ್ಕವೇ ಇಲ್ಲ. ಇರಬಾರದು, ಇದ್ದರೆ ಕಾಯಿಲ್ ಒಳಗೆ ಸುಟ್ಟು ಬಾಡಿಗೆ ತಾಗಿದೆ ಎಂದು. ಮತ್ತೆ ಪಿಕಪ್ಪಿನ ನೆರವಿನಿಂದ ಸ್ಟಾರ್ಟ್ ಮಾಡಿ, ಕಪ್ಲರ್ ಬಿಚ್ಚಿದಂತೆಯೇ ಎಸಿ ವೋಲ್ಟ್ ಅಳೆದೆವು. ಇಲ್ಲಿ ಕೈ ಒಣಗಿರಬೇಕು, ಎಂಜಿನ್ ಏರಿಸಿದಂತೆ ಹೊಡೆತ ಕೊಡುವಷ್ಟು ವೋಲ್ಟೇಜ್ ಬರುತ್ತದೆ. ಮೂರು ಜೋಡಿಯೂ ಜೊತೆಜೊತೆಗೆ ನಲವತ್ತರ ಸುತ್ತ ಏರಿದವು. ಎಷ್ಟು ಬಂತು ಎಂಬುದಕ್ಕಿಂತ ಮೂರೂ ಸಮ ಇವೆಯೇ ಎಂಬುದು ಮುಖ್ಯ. ಕಾಯಿಲ್ ಗಟ್ಟಿ. ರೆಕ್ಟಿಫೈಯರನ್ನು ಡಯೋಡ್ ಮೋಡಿನಲ್ಲಿ ನೋಡಿದೆವು, ಒಂದು ದಿಕ್ಕಿಗೆ ದಾರಿ, ಇನ್ನೊಂದಕ್ಕೆ ಇಲ್ಲ. ಅದೂ ಸರಿ.

ಇನ್ನು ಕೈಕೆಲಸ. ಎಂಜಿನ್ ಬಂದ್ ಮಾಡಿ, ಬ್ಯಾಟರಿಯ ಮೈನಸ್ ಬಿಚ್ಚಿ, ಕಪ್ಲರನ್ನೇ ಕತ್ತರಿಸಿ ಹಾಕಿದೆ. ಅಳಿಯ ಗಾಬರಿಯಾದ: "ಯಾವ ವೈರು ಯಾವುದಕ್ಕೆ ಅಂತ ಗುರುತೇ ಮಾಡ್ಲಿಲ್ಲವಲ್ಲ ಮಾವ!"

ಗುರುತು ಬೇಡ. ಮೂರೂ ಹಳದಿಯಾಗಿರುವುದು ಅದಕ್ಕೇ. ಮೂರು ಫೇಸಿನ ಎಸಿ ಅದು. ಕಾಯಿಲ್ ಕಡೆಯ ಯಾವುದನ್ನು ರೆಕ್ಟಿಫೈಯರ್ ಕಡೆಯ ಯಾವ ಹಳದಿಗೆ ಸೇರಿಸಿದರೂ ಫಲ ಒಂದೇ.

ಕಂದಾದ ವೈರನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬಂದೆ. ಒಳಗಿನ ಎಳೆಗಳು ಕಪ್ಪಗಿದ್ದರೆ ಜೋಡಣೆ ಹಿಡಿಯದು, ಹೊಳೆಯುವ ತಾಮ್ರ ಬರುವವರೆಗೆ ಹೋಗಲೇಬೇಕು. ನಾಲ್ಕನೇ ಕತ್ತರಿಗೆ ಕೆಂಪು ತಾಮ್ರ ಮಿಂಚಿತು. ಉದ್ದ ಕಡಿಮೆ ಬಿದ್ದಲ್ಲಿ 2.5 ಚದರ ಮಿಲಿಮೀಟರಿನ ಮಲ್ಟಿಸ್ಟ್ರ್ಯಾಂಡ್ ವೈರಿನ ತುಂಡು ಸೇರಿಸಿದೆ. ಪ್ರತಿ ವೈರಿಗೆ ಮೊದಲು ಹೀಟ್ ಶ್ರಿಂಕ್ ಸ್ಲೀವ್ ತೂರಿಸಿ, ಆಮೇಲೆ ತಾಮ್ರದ ಕೊಳವೆಯೊಳಗೆ ಎರಡೂ ಕಡೆಯ ಎಳೆಗಳನ್ನು ಸೇರಿಸಿ ಕ್ರಿಂಪಿಂಗ್ ಪ್ಲೈಯರಿನಿಂದ ಒತ್ತಿದೆ. ಒತ್ತಿದ ಮೇಲೆ ಎಳೆದು ನೋಡಬೇಕು, ಬಲವಾಗಿಯೇ. ಮೂರು ಗಂಟುಗಳೂ ಒಂದೇ ಸಾಲಿನಲ್ಲಿ ಬರದಂತೆ ಹಿಂದೆ ಮುಂದೆ ಮಾಡಿದೆ. ಸ್ಲೀವ್ ಎಂದಾದರೂ ಹರಿದರೂ ಒಂದಕ್ಕೊಂದು ತಾಗಬಾರದು. ಯಜಮಾನರು ಲೈಟರ್ ಹಿಡಿದರು. ಸ್ಲೀವ್ ಕುಗ್ಗುತ್ತ ತಾಮ್ರವನ್ನು ಬಿಗಿಯಾಗಿ ಅಪ್ಪಿತು. ಮೇಲೆ ಟೇಪು ಸುತ್ತಿ, ಎಂಜಿನ್ನಿನ ಬಿಸಿಗೆ ತಾಗದಂತೆ ಫ್ರೇಮಿಗೆ ಟೈ ಹಾಕಿದೆ.

ಮೈನಸ್ ಬಿಗಿಸಿ, ಮತ್ತೊಮ್ಮೆ ಪಿಕಪ್ಪಿನಿಂದ ಕರೆಂಟ್ ಸಾಲ ಪಡೆದು ಎಬ್ಬಿಸಿ, ಕೇಬಲ್ ತೆಗೆದು, ಈ ಸಲ ಮೀಟರನ್ನು ಅಳಿಯನ ಕೈಗೇ ಕೊಟ್ಟೆ. ಐಡಲಿನಲ್ಲಿ 13.1. ನಾಲ್ಕು ಸಾವಿರಕ್ಕೆ ಏರಿಸಿದರೆ 14.1. "ಫಾಗ್ ಹಾಕು." 13.8ಕ್ಕೆ ಇಳಿದು ಅಲ್ಲೇ ನಿಂತಿತು. ಹೆಡ್‌ಲೈಟು ಎದುರಿನ ಗೋಡೆಯ ಮೇಲೆ ಬೆಳ್ಳಗೆ ಬಿದ್ದಿದೆ. ಅಳಿಯ ತಾನಾಗಿಯೇ ಕಡ್ಡಿಗಳನ್ನು ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಲೋಹಕ್ಕೂ ಇಟ್ಟು, "ಅರ್ಥ್ ಹೀಗೆ ನೋಡೋದಾ?" ಎಂದ. 0.04. ಎಲ್ಲ ದೀಪ ಉರಿಯುವಾಗಲೂ 0.1ರೊಳಗಿದ್ದರೆ ಅರ್ಥ್ ಚೆನ್ನಾಗಿದೆ ಎಂದು ಹೇಳಿದೆ.

ಯಜಮಾನರ ಮನೆಯವರು ಬಿಸಿ ಕಷಾಯ ತಂದುಕೊಟ್ಟರು. ಎಂಜಿನ್ ಓಡುತ್ತಿರುವಂತೆಯೇ ನಿಂತು ಕುಡಿದೆವು. ತೀರ್ಥಹಳ್ಳಿಯವರೆಗೂ ಬಂದ್ ಮಾಡುವಂತಿಲ್ಲ. ಬರಿದಾದ ಬ್ಯಾಟರಿ ಮೂವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಪೂರ್ತಿ ತುಂಬುವುದಿಲ್ಲ, ಆದರೆ ಬೆಳಿಗ್ಗೆ ಸೆಲ್ಫ್ ತಿರುಗಿಸುವಷ್ಟು ಸಿಗಬಹುದು.

ತೀರ್ಥಹಳ್ಳಿಯ ಲಾಡ್ಜಿನ ಮುಂದೆ ನಿಂತ ಕೂಡಲೇ ಸೈಡ್ ಕವರಿನೊಳಗೆ ಬೆರಳು ತೂರಿಸಿ ಗಂಟುಗಳನ್ನು ಮುಟ್ಟಿದೆ. ಮೂರೂ ಒಂದೇ ಹದದಲ್ಲಿ ಬೆಚ್ಚಗಿವೆ, ಯಾವುದೂ ಚುರುಗುಟ್ಟಲಿಲ್ಲ. ಅಳಿಯ ಅರ್ಧ ಗಂಟೆ ಬಿಟ್ಟು ಮೀಟರ್ ಹಿಡಿದು ಕೆಳಗಿಳಿದವನು 12.4 ಎಂದು ಮೆಟ್ಟಿಲ ಮೇಲಿಂದಲೇ ಕೂಗಿದ. ಬ್ಯಾಟರಿ ಬಿಚ್ಚಿ ರೂಮಿಗೆ ತಂದು, ಚಿಕ್ಕ ಚಾರ್ಜರಿಗೆ ಸಿಕ್ಕಿಸಿದೆವು: 8 ಆಂಪಿಯರ್ ಅವರಿನ ಬ್ಯಾಟರಿ, 0.8 ಆಂಪಿಯರಿನಲ್ಲಿ ರಾತ್ರಿಯಿಡೀ. ಮಲಗುವ ಮುಂಚೆ ಅವನು ಗ್ಯಾರೇಜಿನವರಿಗೆ ಫೋನ್ ಹಚ್ಚಿ, ಹೋದ ತಿಂಗಳು ತೆಗೆದುಹಾಕಿದ ಹಳೆಯ ಬ್ಯಾಟರಿ ಇನ್ನೂ ಅಲ್ಲೇ ಇದೆಯೇ ಎಂದು ಕೇಳುತ್ತಿದ್ದ.