ಹತ್ತಿಯ ಪಕ್ಕದಲ್ಲಿ ಸಿಡಿಮದ್ದು

ಮುಂಬಯಿಗೆ ಹೋದಾಗ ಬೈಕಲಾದ ಅಗ್ನಿಶಾಮಕ ಕೇಂದ್ರ ಕಚೇರಿಯ ಬಳಿ ಒಮ್ಮೆ ನಿಲ್ಲಿ. ಅಲ್ಲಿನ ಸ್ಮಾರಕದ ಕಥೆ ಆರಂಭವಾಗುವುದು ದೂರದ ಬಂಗಾಳ ಕೊಲ್ಲಿಯಲ್ಲಿ.

1942ರ ಏಪ್ರಿಲ್‌ನಲ್ಲಿ ಜಪಾನಿ ನೌಕಾಪಡೆ ಕೆಲವೇ ದಿನಗಳಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿತು. ಕಲ್ಕತ್ತೆಗೆ ಹೋಗಬೇಕಿದ್ದ ಸರಕು ಮುಂಬಯಿ, ಕರಾಚಿಗಳತ್ತ ಹೊರಳಿತು. ಬಂದರಿನಲ್ಲಿ ನೂಕುನುಗ್ಗಲು, ರೈಲಿಗೂ ಬಿಡುವಿಲ್ಲ. ಹಡಗಿನಲ್ಲಿ ಜಾಗವಿದ್ದರೆ ಸಾಕು, ಏನನ್ನಾದರೂ ತುಂಬುವ ಕಾಲವದು.

‘ಫೋರ್ಟ್ ಸ್ಟಿಕೀನ್’ ಹಡಗು ಸುಮಾರು 1,400 ಟನ್ ಸಿಡಿಮದ್ದು ಹೊತ್ತಿತ್ತು. ಕರಾಚಿಯಲ್ಲಿ ಅದಕ್ಕೆ ಸಾವಿರಾರು ಹತ್ತಿ ಬೇಲುಗಳನ್ನೂ ಹೇರಿದರು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಹೊತ್ತಿಕೊಂಡಿತು. ಸಂಜೆ ನಾಲ್ಕರ ಹೊತ್ತಿಗೆ ಹಡಗೇ ಸಿಡಿಯಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು.

ದೇಶದ ಅಗ್ನಿಶಾಮಕ ದಳಗಳು ಪ್ರತಿ ಏಪ್ರಿಲ್ 14ರಂದು ನೆನೆಯುವುದು ಇವರನ್ನೇ.