ಮಾಟಗಾತಿಯರ ಪುಸ್ತಕಗಳ ಸಹವಾಸ

ಮತಗ್ರಂಥಗಳನ್ನು ಓದುವವರಲ್ಲಿ ಪರಲೋಕದ ಚಿಂತೆಯಿಂದ ಓದುವವರು ಕೆಲವರು, ಪರರ ಲೋಕದ ಕುತೂಹಲದಿಂದ ಓದುವವರು ಕೆಲವರು. ನಾನು ಈ ಎರಡನೆಯ ಪಂಕ್ತಿಯಲ್ಲಿ ಬಹುಕಾಲದಿಂದ ಎಲೆ ಹಾಕಿಸಿಕೊಂಡು ಕುಳಿತವನು. ಅಲ್ಲಿ ಬಡಿಸಿದ ನಾನಾ ವ್ಯಂಜನಗಳಲ್ಲಿ ನನ್ನ ನಾಲಗೆಗೆ ವಿಶೇಷವಾಗಿ ಹಿಡಿಸಿದುದು, ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿ, ಕ್ರೈಸ್ತಪೂರ್ವ ಯೂರೋಪಿನ ದೇವದೇವಿಯರನ್ನು ಮರಳಿ ಆಹ್ವಾನಿಸಿ, ಚಂದ್ರನ ವೃದ್ಧಿಕ್ಷಯಗಳನ್ನೂ ಋತುಗಳ ಸಂಧಿಕಾಲಗಳನ್ನೂ ಪೂಜಿಸುತ್ತ, ತನ್ನವರನ್ನು ಹೆಮ್ಮೆಯಿಂದಲೇ 'ವಿಚ್' ಎಂದು ಕರೆದುಕೊಳ್ಳುವ ವಿಕ್ಕ ಎಂಬ ಮತದ ಸಾಹಿತ್ಯ. ಇತರ ಮತಗಳ ಉಗಮವನ್ನು ಹುಡುಕಹೊರಟವನು ಕಟ್ಟಕಡೆಗೆ ಪುರಾಣದ ಮಂಜಿನೊಳಗೆ ಕಾಲಿಡಲೇಬೇಕು; ಈ ಮತವಾದರೋ ಮುದ್ರಣಯಂತ್ರದ ಕಣ್ಣೆದುರಿನಲ್ಲಿಯೇ ಹುಟ್ಟಿತಾದುದರಿಂದ ಅದರ ಜಾತಕವನ್ನು ಒಂದು ಕಪಾಟಿನಷ್ಟು ಪುಸ್ತಕಗಳಿಂದ ಆದ್ಯಂತವಾಗಿ ತಿಳಿದುಕೊಳ್ಳಬಹುದು. ಸಾಲದುದಕ್ಕೆ ಆ ಪುಸ್ತಕಗಳು ಒಂದರೊಡನೊಂದು ಜಗಳವಾಡುತ್ತವೆ. ಯಾರೂ ಯಾರನ್ನೂ ಅಲ್ಲಗಳೆಯದ ಶಾಸ್ತ್ರ ಎಷ್ಟೇ ಪವಿತ್ರವಾಗಿರಲಿ, ಅದನ್ನು ಓದುತ್ತ ತೂಕಡಿಸದಿರುವುದು ಕಷ್ಟ.

ಮಿತ್ರರು ಹುಬ್ಬೇರಿಸುವುದಕ್ಕೆ ಮೊದಲೇ ಒಂದು ಮಾತನ್ನು ಹೇಳಿಬಿಡಬೇಕು. ಈ ವಿಚ್‌ಗಳಿಗೂ, ನಿಂಬೆಹಣ್ಣು ಕುಂಕುಮಗಳಿಂದ ನೆರೆಯವನ ಹಿತ್ತಲಿನಲ್ಲಿ ಮಾಟ ಮಾಡಿಸುವವರಿಗೂ ಸಂಬಂಧವಿಲ್ಲ. ಯಾರಿಗೂ ಕೇಡಾಗದಂತೆ ನಡೆಯಬೇಕೆಂಬುದೇ ಇವರ ಧರ್ಮಸೂತ್ರ; ಸೈತಾನನಂತೂ ಕ್ರೈಸ್ತರ ಸೊತ್ತು, ಇವರ ದೇವಗಣದಲ್ಲಿ ಅವನಿಗೆ ಮಣೆಯೇ ಇಲ್ಲ.

ಈ ವಿಷಯವನ್ನು ಅರಿಯಬಯಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಪೂಜಾವಿಧಾನದ ಕೈಪಿಡಿಯನ್ನು. ನಾನು ಅದನ್ನು ಕೊಡುವುದಿಲ್ಲ. ಸತ್ಯವಲ್ಲವೆಂದು ಈಗ ತೀರ್ಮಾನವಾಗಿರುವ ಪುಸ್ತಕಗಳಿಂದಲೇ ಪ್ರಾರಂಭಿಸಬೇಕೆಂಬುದು ನನ್ನ ಶಿಫಾರಸು. ಏಕೆಂದರೆ ಈ ಮತದ ತಳಹದಿಯ ಕಲ್ಲುಗಳು ಅವೇ. ಸರ್ ಜೇಮ್ಸ್ ಫ್ರೇಜರನ 'ದಿ ಗೋಲ್ಡನ್ ಬೋ' ಹನ್ನೆರಡು ಸಂಪುಟಗಳವರೆಗೆ ಬೆಳೆದ ಗ್ರಂಥವಾದರೂ, 1922ರ ಒಂದೇ ಸಂಪುಟದ ಸಂಗ್ರಹ ಸಾಕಾಗುತ್ತದೆ. ಇಟಲಿಯ ನೇಮಿ ಸರೋವರದ ದಡದ ವನದಲ್ಲಿ ಖಡ್ಗ ಹಿಡಿದು ಹಗಲಿರುಳು ಕಾವಲಿರುವ ಪೂಜಾರಿ, ಆತನನ್ನು ಕೊಂದವನೇ ಮುಂದಿನ ಪೂಜಾರಿ ಎಂಬ ಆ ಆರಂಭದ ಚಿತ್ರವನ್ನು ಓದಿದ ಮೇಲೆ ಪುಸ್ತಕವನ್ನು ಕೆಳಗಿಡುವ ಧೈರ್ಯ ನನಗಂತೂ ಬರಲಿಲ್ಲ. ಅದರ ಪಕ್ಕದಲ್ಲಿ ಇಡಬೇಕಾದುದು ಮಾರ್ಗರೆಟ್ ಮರೇ 1921ರಲ್ಲಿ ಪ್ರಕಟಿಸಿದ 'ದಿ ವಿಚ್ ಕಲ್ಟ್ ಇನ್ ವೆಸ್ಟರ್ನ್ ಯೂರೋಪ್'. ಈಜಿಪ್ಟಿನ ಪ್ರಾಚೀನ ಸಂಸ್ಕೃತಿಯಲ್ಲಿ ವಿದ್ವಾಂಸಳಾದ ಈಕೆ, ಮಾಟಗಾತಿಯರೆಂದು ಯೂರೋಪಿನಲ್ಲಿ ಕೊಲ್ಲಲ್ಪಟ್ಟವರು ವಾಸ್ತವವಾಗಿ ಕ್ರೈಸ್ತಮತಕ್ಕಿಂತ ಪುರಾತನವಾದ ಫಲವಂತಿಕೆಯ ಧರ್ಮವೊಂದರ ಅನುಯಾಯಿಗಳಾಗಿದ್ದರೆಂದು ವಾದಿಸಿದಳು. ಸಾಕ್ಷ್ಯವೆಂದರೆ ವಿಚಾರಣೆಗಳ ತಪ್ಪೊಪ್ಪಿಗೆಗಳು. ಅವುಗಳಲ್ಲಿ ಸಂಭವನೀಯವಾಗಿ ಕಂಡ ಭಾಗಗಳನ್ನು ಮಾತ್ರ ಉದ್ಧರಿಸಿ, ಅಸಾಧ್ಯವಾದ ಸಂಗತಿಗಳನ್ನು ಆಕೆ ಸದ್ದಿಲ್ಲದೆ ಬಿಟ್ಟುಬಿಟ್ಟಿದ್ದಳೆಂಬುದನ್ನು 1975ರಲ್ಲಿ ನಾರ್ಮನ್ ಕೋನ್ 'ಯೂರೋಪ್ಸ್ ಇನ್ನರ್ ಡೀಮನ್ಸ್' ಎಂಬ ಗ್ರಂಥದಲ್ಲಿ ಬಯಲಿಗೆಳೆದನು. ಆದರೆ ಅಷ್ಟರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಲೇಖನವನ್ನೇ ಮರೇ ಬರೆದಾಗಿತ್ತು. ಆಕೆಯ ಊಹೆ ದಶಕಗಳ ಕಾಲ ವಿಶ್ವಕೋಶದ ಬಾಯಿಂದ ಸತ್ಯದಂತೆ ಉಚ್ಚರಿತವಾಗಿತ್ತು.

ಆ ಊಹೆಗೆ ದೇಹ ದೊರಕಿಸಿಕೊಟ್ಟವನು ಜೆರಾಲ್ಡ್ ಗಾರ್ಡ್ನರ್. ಸಿಂಹಳದ ಟೀ ತೋಟಗಳಲ್ಲಿ ದುಡಿದು, ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು, ಅಲ್ಲಿಯ ಕ್ರಿಸ್ ಎಂಬ ಬಾಕುಗಳ ಮೇಲೆ ಪುಸ್ತಕವೊಂದನ್ನು ಬರೆದು, 1936ರಲ್ಲಿ ನಿವೃತ್ತನಾಗಿ ಸ್ವದೇಶಕ್ಕೆ ಮರಳಿದ ಈತ, ಅಳಿದುಹೋಯಿತೆಂದು ಎಲ್ಲರೂ ಭಾವಿಸಿದ್ದ ಆ ಹಳೆಯ ಧರ್ಮದ ಗುಪ್ತಮಂಡಲಿಯೊಂದು ನ್ಯೂ ಫಾರೆಸ್ಟ್ ಎಂಬ ಅರಣ್ಯದ ಅಂಚಿನಲ್ಲಿ ಬದುಕಿಕೊಂಡಿದೆಯೆಂದೂ, 1939ರಲ್ಲಿ ತನಗೆ ಅಲ್ಲಿ ದೀಕ್ಷೆಯಾಯಿತೆಂದೂ ಹೇಳಿದನು. ಮಾಟವನ್ನು ಕುರಿತ 1735ರ ಕಾನೂನು 1951ರಲ್ಲಿ ರದ್ದಾದ ಮೇಲೆ, ಅಂದರೆ 1954ರಲ್ಲಿ, ಆತನ 'ವಿಚ್‌ಕ್ರಾಫ್ಟ್ ಟುಡೇ' ಹೊರಬಿತ್ತು; ಮುನ್ನುಡಿ ಸಾಕ್ಷಾತ್ ಮರೇಯದು. ಪುಸ್ತಕದ ಗದ್ಯ ಒರಟು, ಕ್ರಮವೆಂಬುದು ಇಲ್ಲ. ಒಂದು ಪುಟದಲ್ಲಿ ನೈಟ್ಸ್ ಟೆಂಪ್ಲರರು ಬಂದರೆ ಮತ್ತೊಂದರಲ್ಲಿ ಐರ್ಲೆಂಡಿನ ಗಂಧರ್ವರು ಸುಳಿಯುತ್ತಾರೆ. ತಾನು ಮುಂದಾಳಾಗಿದ್ದ ಮಂಡಲಿಯನ್ನು ಹೊರಗಿನಿಂದ ಬಂದ ಮಾನವಶಾಸ್ತ್ರಜ್ಞನೊಬ್ಬನ ತಟಸ್ಥ ಗಾಂಭೀರ್ಯದಿಂದ ವರ್ಣಿಸುವ ಆ ಮುದುಕನ ಚೇಷ್ಟೆಗಾಗಿಯೇ ನಾನು ಅದನ್ನು ಮತ್ತೆಮತ್ತೆ ತೆರೆಯುವುದುಂಟು.

ಆದರೆ ಈ ಕಪಾಟಿನಲ್ಲಿ ನನಗೆ ಅತ್ಯಂತ ಪ್ರಿಯವಾದುದು ಯಾವುದೆಂದರೆ, ಅನುಮಾನವಿಲ್ಲದೆ, ಡೊರೀನ್ ವ್ಯಾಲಿಯೆಂಟೆಯ 'ದಿ ರೀಬರ್ತ್ ಆಫ್ ವಿಚ್‌ಕ್ರಾಫ್ಟ್'. ಪ್ರಕಟವಾದುದು 1989ರಲ್ಲಿ. 1953ರಲ್ಲಿ ಗಾರ್ಡ್ನರನಿಂದ ದೀಕ್ಷೆ ಪಡೆದು ಆತನ ಮಂಡಲಿಯ ಪ್ರಧಾನ ಪೂಜಾರಿಣಿಯಾದ ಈಕೆ, ಪುರಾತನವೆಂದು ಕೈಗಿತ್ತ ಮಂತ್ರಪುಸ್ತಕವನ್ನು ಓದಿದೊಡನೆಯೇ ಅದರಲ್ಲಿ ಇಪ್ಪತ್ತನೆಯ ಶತಮಾನದ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ವಾಕ್ಯಗಳನ್ನು ಗುರುತಿಸಿದಳು. ಕೇಳಿದಾಗ ಗಾರ್ಡ್ನರನು, ತನಗೆ ದೊರೆತುದು ತುಣುಕುಗಳು ಮಾತ್ರವೆಂದೂ ನಡುವಣ ಕಂದಕಗಳನ್ನು ತುಂಬಬೇಕಾಯಿತೆಂದೂ ಒಪ್ಪಿ, ನೀನು ಇದಕ್ಕಿಂತ ಚೆನ್ನಾಗಿ ಬರೆಯಬಲ್ಲೆಯಾದರೆ ಬರೆ ಎಂಬ ಅರ್ಥದ ಮಾತನ್ನಾಡಿದನಂತೆ. ಆಕೆ ಬರೆದಳು, ದೇವಿಯೇ ಭಕ್ತರನ್ನುದ್ದೇಶಿಸಿ ನುಡಿಯುವಂತಿರುವ ಆ ಗದ್ಯಸ್ತೋತ್ರ ಇಂದು ವಿಕ್ಕದ ಅತ್ಯಂತ ಮಾನ್ಯವಾದ ಪಠ್ಯ. ಕರ್ತೃವಿನ ಹೆಸರು, ವಿಳಾಸ, ಸಂದರ್ಭಗಳೆಲ್ಲ ಗೊತ್ತಿದ್ದೂ ಜನ ಕಣ್ಣಲ್ಲಿ ನೀರು ತಂದುಕೊಂಡು ಪಠಿಸುವ ಮಂತ್ರ ಅದು! ಮುಂದೆ 1957ರ ಸುಮಾರಿಗೆ, ಪತ್ರಿಕೆಯವರೆದುರಿಗೆ ಪದೇಪದೇ ಹೋಗಿ ನಿಲ್ಲುವ ಗಾರ್ಡ್ನರನ ಚಾಪಲ್ಯವನ್ನು ತಡೆಯಲೆಂದು ಆಕೆಯೂ ಸಂಗಡಿಗರೂ ಕೆಲವು ನಿಯಮಗಳನ್ನು ರಚಿಸಿ ಕಳುಹಿಸಿದರು. ಅದಕ್ಕೆ ಉತ್ತರವಾಗಿ ಆತನು, ನಿಯಮಗಳು ಪುರಾತನ ಕಾಲದಿಂದಲೂ ಇವೆಯಲ್ಲ ಎಂದು, ಹಳೆಯ ಶೈಲಿಯ ವೇಷ ತೊಟ್ಟ ಶಾಸನಗಳ ಒಂದು ಕಟ್ಟನ್ನೇ ಕಳುಹಿಸಿದನು. ಅದರಲ್ಲಿ ಪೂಜಾರಿಣಿಯಾದವಳು ತನ್ನ ವಯಸ್ಸನ್ನರಿತು ಕಿರಿಯಳಿಗೆ ಸ್ಥಾನ ಬಿಟ್ಟುಕೊಡತಕ್ಕದ್ದೆಂಬ ವಿಧಿಯೂ ಇದ್ದಿತು. ಆಗ ವ್ಯಾಲಿಯೆಂಟೆಗೆ ಮೂವತ್ತೈದು. ಆಕೆ ಮಂಡಲಿಯನ್ನು ಬಿಟ್ಟು ನಡೆದುದು ಆಶ್ಚರ್ಯವಲ್ಲ. ಇಷ್ಟಾದರೂ ಮೂರು ದಶಕಗಳ ಅನಂತರ ಆ ಮನುಷ್ಯನನ್ನು ಕುರಿತು ಬರೆಯುವಾಗ ಆಕೆಯ ಲೇಖನಿಯಲ್ಲಿ ಕಹಿಯಿಲ್ಲದಿರುವುದು ನನಗೆ ಎಂದೆಂದಿಗೂ ಆಶ್ಚರ್ಯವೇ.

ಈ ಜಗಳಗಳಿಗೆಲ್ಲ ನ್ಯಾಯಾಧೀಶರಾಗಿ ಕುಳಿತವರು ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟ್ಟನ್. 1999ರ ಅವರ 'ದಿ ಟ್ರಯಂಫ್ ಆಫ್ ದಿ ಮೂನ್', ವಿಕ್ಕದ ಬೇರುಗಳು ಶಿಲಾಯುಗದಲ್ಲಿಲ್ಲವೆಂದೂ, ರೊಮ್ಯಾಂಟಿಕ್ ಕವಿಗಳ ಪ್ರಕೃತಿದೇವಿ, ಫ್ರೀಮೇಸನರ ದೀಕ್ಷಾಕ್ರಮ, ವಿಕ್ಟೋರಿಯನ್ ಕಾಲದ ಮಂತ್ರಸಂಘಗಳು, ಫ್ರೇಜರ್ ಮರೇಯರ ಪಾಂಡಿತ್ಯ ಇವುಗಳಲ್ಲಿವೆಯೆಂದೂ ತೋರಿಸುತ್ತದೆ. ಹೀಗೆ ತಳಹದಿಯನ್ನು ಕಿತ್ತರೂ ಮನೆಯವರನ್ನು ಅವಮಾನಿಸದಿರುವ ಸೌಜನ್ಯ ಆ ಪುಸ್ತಕದ ಹಿರಿಮೆ. ಮರೇ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಹಟ್ಟನ್ ಹುಟ್ಟಿದ್ದು, ನಮ್ಮ ಗುಂಡ್ಲುಪೇಟೆಯಿಂದ ಘಟ್ಟ ಹತ್ತಿದರೆ ಸಿಕ್ಕುವ ಉದಕಮಂಡಲದಲ್ಲಿ. ಇಬ್ಬರನ್ನೂ ನಾನು ಒಂದೇ ಸಾಲಿನಲ್ಲಿ ಒತ್ತಾಗಿ ಇರಿಸಿದ್ದೇನೆ. ರಾತ್ರಿ ಏನು ಮಾತಾಡಿಕೊಳ್ಳುತ್ತಾರೋ ಅವರಿಗೇ ಗೊತ್ತು.

ಹಟ್ಟನ್ನರ ಇನ್ನೊಂದು ಗ್ರಂಥ 'ದಿ ಸ್ಟೇಷನ್ಸ್ ಆಫ್ ದಿ ಸನ್' ಬ್ರಿಟನ್ನಿನ ವಾರ್ಷಿಕ ಹಬ್ಬಗಳ ಇತಿಹಾಸ. ವಿಕ್ಕದವರ ವರ್ಷಚಕ್ರದಲ್ಲಿ ಎಂಟು ಪರ್ವಗಳು: ಎರಡು ಅಯನಗಳು, ಎರಡು ವಿಷುವಗಳು, ಇವುಗಳ ನಡುವೆ ಅಕ್ಟೋಬರ್ ಕೊನೆಯ ಸೋವಿನ್ ಮೊದಲಾದ ನಾಲ್ಕು. ಒಂದೊಂದು ಪರ್ವದ ಹಿಂದಿನ ಸಂಜೆ ಆಯಾ ಅಧ್ಯಾಯವನ್ನು ಓದುವುದು ನನ್ನ ವ್ರತ. ಮೇ ತಿಂಗಳ ಮೊದಲ ದಿನದ ಬೆಲ್ಟೇನ್ ಬಂದಿತೆಂದರೆ, ರೋಗ ತಗಲದಿರಲೆಂದು ಐರ್ಲೆಂಡಿನ ಜನ ದನಗಳನ್ನು ಎರಡು ಬೆಂಕಿಗಳ ನಡುವೆ ಅಟ್ಟುತ್ತಿದ್ದ ಪ್ರಸಂಗ ಬರುತ್ತದೆ. ಒಡನೆಯೇ ಹಳೆಯ ಮೈಸೂರು ಸೀಮೆಯ ಸಂಕ್ರಾಂತಿಯ ಸಂಜೆ, ಮೈತೊಳೆಸಿ ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಕಿಚ್ಚು ಹಾಯಿಸುವ ದೃಶ್ಯ ಕಣ್ಣಮುಂದೆ ನಿಲ್ಲುತ್ತದೆ. ಫ್ರೇಜರನಾಗಿದ್ದರೆ ಇವೆರಡನ್ನೂ ಒಂದೇ ಪುಟದಲ್ಲಿ ಜೋಡಿಸಿ, ಮಾನವಕುಲದ ಆದಿಮ ಅಗ್ನಿಪೂಜೆಯನ್ನು ಮುಂದಿನ ಪುಟದಲ್ಲಿ ಸ್ಥಾಪಿಸಿಬಿಡುತ್ತಿದ್ದನು. ಹಟ್ಟನ್ನರಾದರೋ, ಯಾವ ವರ್ಷದ ದಾಖಲೆ, ಯಾರು ಬರೆದುದು, ನೋಡಿ ಬರೆದುದೋ ಕೇಳಿ ಬರೆದುದೋ ಎಂದು ಕೇಳಿಯಾರು. ಬುದ್ಧಿ ಹಟ್ಟನ್ನರ ಕಡೆಗೆ ನಿಂತರೂ, ಕಿಚ್ಚಿನ ವಿಷಯ ಬಂದಾಗ ಮನಸ್ಸು ಕ್ಷಣಕಾಲ ಫ್ರೇಜರನ ಕಡೆಗೆ ನುಸುಳುವುದನ್ನು ನಾನು ತಡೆಯುವುದಿಲ್ಲ.

ಅಮೆರಿಕದ ಪುಸ್ತಕಗಳು ಅಸಂಖ್ಯ. ಬಹುಪಾಲು ಹೊಳೆಯುವ ಹೊದಿಕೆಯೊಳಗಿನ ಮೇಣದ ಬತ್ತಿಯ ವ್ಯಾಪಾರ. 1979ರಲ್ಲಿ ಬಂದ ಎರಡನ್ನು ಮಾತ್ರ ಬಿಡಬಾರದು. ಸ್ಟಾರ್‌ಹಾಕ್ ಬರೆದ 'ದಿ ಸ್ಪೈರಲ್ ಡ್ಯಾನ್ಸ್' ದೇವೀಪೂಜೆಯನ್ನು ಸ್ತ್ರೀವಿಮೋಚನೆಯೊಡನೆ ಬೆಸೆದ ಕಾವ್ಯಮಯ ಕೃತಿ; ಮನಶ್ಶಾಸ್ತ್ರಜ್ಞ ಆಲ್‌ಫ್ರೆಡ್ ಆಡ್ಲರನ ಮೊಮ್ಮಗಳೂ ರೇಡಿಯೋ ವರದಿಗಾರ್ತಿಯೂ ಆಗಿದ್ದ ಮಾರ್ಗೊ ಆಡ್ಲರ್ ಬರೆದ 'ಡ್ರಾಯಿಂಗ್ ಡೌನ್ ದಿ ಮೂನ್', ಪೇಗನ್ ಪಂಥಗಳನ್ನೆಲ್ಲ ಸುತ್ತಿ, ಅವರವರ ಮಾತಿನಲ್ಲಿಯೇ ಅವರನ್ನು ನಿಲ್ಲಿಸಿದ ಅಪೂರ್ವ ವರದಿ. ಕೈಪಿಡಿ ಬೇಕೇಬೇಕೆಂದು ಹಟ ಹಿಡಿದವರಿಗೆ, ಗುರುವೂ ಮಂಡಲಿಯೂ ಇಲ್ಲದೆ ಒಬ್ಬಂಟಿಗನೂ ಈ ಮಾರ್ಗದಲ್ಲಿ ನಡೆಯಬಹುದೆಂದ ಸ್ಕಾಟ್ ಕನಿಂಗ್‌ಹ್ಯಾಮನ 1988ರ 'ವಿಕ್ಕ' ಸಾಕು: ಸರಳ, ಸಜ್ಜನಿಕೆಯುಳ್ಳದ್ದು, ಸ್ವಲ್ಪ ಸಪ್ಪೆ.

ಕೊನೆಗೆ ಪತ್ತೇದಾರಿಯ ರುಚಿಯುಳ್ಳವರಿಗೊಂದು ಮಾತು. ಗಾರ್ಡ್ನರನಿಗೆ ದೀಕ್ಷೆಯಿತ್ತವಳೆಂದು ಹೇಳಲಾದ ಡೊರೊತಿ ಕ್ಲಟರ್‌ಬಕ್ ಎಂಬ ಮಹಿಳೆ ಇದ್ದಳೆಂಬುದಕ್ಕೆ ಆಧಾರವೇ ಇಲ್ಲವೆಂದು 1980ರಲ್ಲಿ ಇತಿಹಾಸಕಾರ ಜೆಫ್ರಿ ರಸೆಲ್ ಬರೆದಾಗ, ಮಂಡಲಿಯನ್ನು ಬಿಟ್ಟುಬಂದಿದ್ದ ವ್ಯಾಲಿಯೆಂಟೆಯೇ ದಫ್ತರಗಳ ಬೆನ್ನುಹತ್ತಿ, ಆಕೆ 1880ರಲ್ಲಿ ಭಾರತದಲ್ಲಿ, ಸೈನ್ಯಾಧಿಕಾರಿಯೊಬ್ಬನ ಮಗಳಾಗಿ ಹುಟ್ಟಿ 1951ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡುದನ್ನು ಪತ್ತೆಹಚ್ಚಿದಳು. ಆ ಶೋಧದ ಕಥೆ ಫಾರರ್ ದಂಪತಿಗಳ 'ದಿ ವಿಚಸ್ ವೇ' ಎಂಬ 1984ರ ಪುಸ್ತಕಕ್ಕೆ ಅನುಬಂಧವಾಗಿದೆ. ಆಕೆ ಇದ್ದಳು, ಸರಿ; ವಿಚ್ ಆಗಿದ್ದಳೇ? ಅನಂತರ ಆಕೆಯ ದಿನಚರಿಗಳೂ ದೊರೆತವು. ಅವುಗಳಲ್ಲಿರುವ ಪದ್ಯಗಳನ್ನು ಓದಿ ಹಟ್ಟನ್, ಇವಳು ತಪ್ಪದೆ ಚರ್ಚಿಗೆ ಹೋಗುವ ಸಾಂಪ್ರದಾಯಿಕ ಗೃಹಿಣಿಯೆಂದರು; ಅವೇ ಪದ್ಯಗಳನ್ನು ಓದಿ ಫಿಲಿಪ್ ಹೆಸೆಲ್ಟನ್ 2000ದ 'ವಿಕ್ಕನ್ ರೂಟ್ಸ್'ನಲ್ಲಿ, ಇವಳು ಪ್ರಕೃತಿಯ ಉಪಾಸಕಿಯೆಂದರು. ನನ್ನ ಮತ ಹಟ್ಟನ್ನರಿಗೆ. ಆದರೆ ಎರವಲು ಹೋದ ಪುಸ್ತಕಗಳಲ್ಲಿ ನಾನು ಸಂಕೋಚ ಬಿಟ್ಟು ಹಿಂದಕ್ಕೆ ಕೇಳಿ ಪಡೆಯುವುದು ಹೆಸೆಲ್ಟನ್ನರದನ್ನೇ.