ನೋಡಿದ್ದೇನೆ ಎಂಬ ರುಜು

ದಸರಾ ರಜಕ್ಕೆ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆ. ರಾತ್ರಿ ಅಡುಗೆಮನೆ ಮುಗಿಸಿ ಬಂದರೆ ಅವಳಿನ್ನೂ ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದಳು. “ಏನೇ ಅದು, ಇಷ್ಟು ಹೊತ್ತಿನಲ್ಲಿ?” ಎಂದೆ. “ಪೇಪರು ತಿದ್ದುತ್ತಿದ್ದೀನಮ್ಮ, ನಿನ್ನ ಹಾಗೇ” ಎಂದು ನಕ್ಕಳು.

ಕುರ್ಚಿ ಎಳೆದುಕೊಂಡು ಕುಳಿತೆ. 1991ರಲ್ಲಿ ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿದ ಲಿನಕ್ಸ್ ಕರ್ನಲ್ ಅದು. ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ಕುಳಿತು ಎಲ್ಲವನ್ನೂ ನಡೆಸುವ ಯಜಮಾನಿಕೆ ಅದರದು. ನನ್ನ ಆಂಡ್ರಾಯ್ಡ್ ಫೋನಿನೊಳಗೂ ಅದೇ ಇದೆಯಂತೆ. ಯಾರು ಬೇಕಾದರೂ ತಿದ್ದುಪಡಿ ಬರೆದು ಕಳಿಸಬಹುದು. ಬಲ್ಲವರು ಓದಿ ಒಪ್ಪಬೇಕು.

ಅವಳು ಓದುತ್ತಿದ್ದದ್ದು, ಒಂದು ಸಾಧನಕ್ಕೆ ಹೊರಗಿನಿಂದ ಕೊಡುವ ಸೂಚನೆಯನ್ನು ಬಿಡಿಸಿಕೊಳ್ಳುವ ನಲವತ್ತು ಸಾಲು. ಉದಾಹರಣೆಗೆ ‘115200ಎನ್8’ ಎಂದು ಒಟ್ಟಿಗೇ ಬರೆದಿರುತ್ತಾರೆ. 115200 ಎಂಬುದು ವೇಗ, ಎನ್ ಎಂದರೆ ತಾಳೆ ನೋಡುವ ಪ್ಯಾರಿಟಿ ಬಿಟ್ ಬೇಡ, 8 ಎಂದರೆ ಎಂಟೆಂಟು ಬಿಟ್. “ಸಂಧಿ ಬಿಡಿಸಿದ ಹಾಗಾಯಿತು” ಎಂದೆ.

“ಹೂಂ. ಆದರೆ ಇಲ್ಲಿ ಬರೀ ಒಂದು ಸಂಖ್ಯೆ ಬರಬೇಕು. ಯಾರೋ 12ರ ಬದಲು 12ಎಬಿಸಿ ಎಂದು ಬರೆದರು ಅನ್ನು. ಇವರು ಬಳಸಿರೋ ಹಳೆಯ ವಿಧಾನ 12 ಓದಿ, ಉಳಿದದ್ದನ್ನು ನುಂಗಿಕೊಂಡು ಸುಮ್ಮನಾಗುತ್ತೆ. ಹೊಸದಾದರೆ ಮೈನಸ್ 22 ಅಂತ ಹಿಂದಿರುಗಿಸುತ್ತೆ. ಅಂದರೆ, ‘ನೀನು ಕೊಟ್ಟದ್ದು ಸರಿಯಿಲ್ಲ’ ಅಂತ.”

“ಮತ್ತೆ ಹೇಳೋಕೇನು?”

“ಬರೆದವರು ತುಂಬ ಹಿರಿಯರಮ್ಮ. ಇನ್ನಿಬ್ಬರು ಆಗಲೇ ನೋಡಿ ಒಪ್ಪಿದ್ದಾರೆ. ನಾನೂ ಹೆಸರು ಹಾಕಿಬಿಡಲಾ ಅನ್ನಿಸುತ್ತೆ.”

ನನಗೆ ಎದೆ ಧಸಕ್ಕೆಂದಿತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅವತ್ತು ಹೇಳಿದೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆ. ಹಿರಿಯ ಮೇಷ್ಟರೊಬ್ಬರು ತಿದ್ದಿದ ಕಟ್ಟಿನ ಮೊತ್ತ ತಾಳೆ ನೋಡಿ ರುಜು ಹಾಕುವುದು ನನ್ನ ಪಾಲಿಗೆ ಬಂತು. ಅವರು ಕೂಡಿದ ಮೇಲೆ ನಾನೇನು ನೋಡುವುದು ಎಂದು ಸಾಲಾಗಿ ರುಜು ಹಾಕಿಬಿಟ್ಟೆ. ಒಬ್ಬ ಹುಡುಗಿ ನಾಲ್ಕು ಅಂಕಕ್ಕೆ ನಪಾಸಾದಳು. ಜೂನ್‌ನಲ್ಲಿ ಕಟ್ಟು ಬಿಚ್ಚಿದಾಗ ಕಂಡಿತು: ದಾರದಲ್ಲಿ ಕಟ್ಟಿದ್ದ ಹೆಚ್ಚುವರಿ ಹಾಳೆಯ ಆರು ಅಂಕ ಮೊತ್ತಕ್ಕೆ ಸೇರಿರಲೇ ಇಲ್ಲ. ಫಲಿತಾಂಶವೇನೋ ತಿದ್ದಿಸಿದೆವು. ಅಷ್ಟರಲ್ಲಿ ಅವಳಪ್ಪ ಸ್ಕೂಲು ಬಿಡಿಸಿ ಲಗ್ನ ಗೊತ್ತುಮಾಡಿದ್ದರು. ಎಷ್ಟು ಹೇಳಿದರೂ ಕೇಳಲಿಲ್ಲ. “ಇರಲಿ ಬಿಡಿ ಟೀಚರ್” ಎಂದು ಆ ಹುಡುಗಿಯೇ ನನಗೆ ಕಾಫಿ ತಂದುಕೊಟ್ಟಳು. ಅದನ್ನು ಹೇಗೆ ಕುಡಿದೆನೋ ತಿಳಿಯದು.

ಮಗಳು ಏನೂ ಹೇಳಲಿಲ್ಲ. ಕೊಂಚ ಹೊತ್ತು ಸುಮ್ಮನಿದ್ದು, ಮರ್ಯಾದೆಯಿಂದಲೇ ಒಂದು ಸಾಲು ಬರೆದಳು: ‘ಇಲ್ಲಿ ಸಂಖ್ಯೆಯಾದ ಮೇಲೆ ಬೇರೇನಾದರೂ ಬಂದರೆ?’ ಮೂರನೆಯ ದಿನ ಆ ಹಿರಿಯರು ವಂದನೆ ಹೇಳಿ, ಸರಿಪಡಿಸಿ ಮತ್ತೆ ಕಳಿಸಿದರು. ಆಗ ಅವಳು ‘ರಿವ್ಯೂಡ್ ಬೈ’ ಎಂದು ಬರೆದು ಮುಂದೆ ತನ್ನ ಹೆಸರು ಹಾಕಿದಳು. ತಿದ್ದುಪಡಿ ಸೇರಿತೆಂದರೆ ಆ ಸಾಲೂ ಕರ್ನಲ್‌ನ ದಾಖಲೆಯಲ್ಲಿ ಹಾಗೇ ಉಳಿಯುತ್ತದಂತೆ.

ಊರಿಗೆ ಬಂದು ಅರ್ಧವಾರ್ಷಿಕದ ಕಟ್ಟು ಬಿಚ್ಚಿದೆ. ಮೊದಲು ದಾರ ಮುಟ್ಟಿ ಹೆಚ್ಚುವರಿ ಹಾಳೆಗಳನ್ನು ಎಣಿಸಿದೆ. ಆಮೇಲೆ ಕೆಂಪು ಪೆನ್ನಿನ ಮುಚ್ಚಳ ತೆಗೆದೆ.